ಆ 12 ಪದಗಳ ಫೋಟೋ ಫೋನಿನಲ್ಲಿ ಇಡಬೇಡಿ

ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ ನೋಡಿಕೊಳ್ಳುವ ಆ್ಯಪ್, ಅಂದರೆ ಕ್ರಿಪ್ಟೋ ವಾಲೆಟ್, ನಿಮ್ಮಲ್ಲಿದೆಯಾ? ಅದನ್ನು ಮತ್ತೆ ತೆರೆಯಲು ಬೇಕಾದ 12 ಗುಟ್ಟಿನ ಪದಗಳ ಸ್ಕ್ರೀನ್‌ಶಾಟ್ ಫೋನಿನಲ್ಲಿ ಇದೆಯಾ? ಇದ್ದರೆ ದಯವಿಟ್ಟು ಪೂರ್ತಿ ಓದಿ. ಬರೀ ಅಳಿಸಿದರೆ ಸಾಲದು. ಯಾಕೆ ಅಂತ ಹೇಳುತ್ತೇನೆ.

ಮೂರು ವರ್ಷ ಸ್ವಲ್ಪ ಸ್ವಲ್ಪವೇ ಕೂಡಿಟ್ಟ ಬಿಟ್‌ಕಾಯಿನ್, ಈಥರ್ ಎಲ್ಲವೂ ಒಂದೇ ರಾತ್ರಿಯಲ್ಲಿ ಹೋಯಿತು. ಬೆಳಿಗ್ಗೆ ವಾಲೆಟ್ ತೆರೆದರೆ ಎರಡರಲ್ಲೂ ಸೊನ್ನೆ. ಆ್ಯಪ್ ಕೆಟ್ಟಿರಬೇಕು ಅಂದುಕೊಂಡು ಎರಡು ಸಲ ಮುಚ್ಚಿ ತೆರೆದೆ. ಆಮೇಲೆ ವಹಿವಾಟಿನ ಪಟ್ಟಿ ನೋಡಿದೆ. ರಾತ್ರಿ 2.40ಕ್ಕೆ ಶುರುವಾಗಿ ಆರೇ ನಿಮಿಷದಲ್ಲಿ ಎಲ್ಲವೂ ಗೊತ್ತಿಲ್ಲದ ವಾಲೆಟ್ ವಿಳಾಸಗಳಿಗೆ ಹೋಗಿತ್ತು. ಕೈಕಾಲು ತಣ್ಣಗಾಯಿತು.

ವಾಲೆಟ್ ಮಾಡಿದ ದಿನ ಆ್ಯಪ್ 12 ಪದ ತೋರಿಸಿ, ಕಾಗದದಲ್ಲಿ ಬರೆದಿಡಿ ಅಂದಿತ್ತು. ಕೈಯಲ್ಲಿ ಪೆನ್ ಇರಲಿಲ್ಲ. ನಾಳೆ ಬರೆದುಕೊಂಡರಾಯ್ತು ಅಂತ ಸ್ಕ್ರೀನ್‌ಶಾಟ್ ತೆಗೆದೆ. ಬರೆಯಲೇ ಇಲ್ಲ. ಫೋನು ಫೋಟೋಗಳನ್ನೆಲ್ಲ ತಾನಾಗಿಯೇ ಕ್ಲೌಡ್‌ಗೆ ಕಳಿಸುತ್ತಿತ್ತು. ಆ ಖಾತೆಯ ಪಾಸ್‌ವರ್ಡನ್ನೇ ಹಿಂದೆ ಒಂದು ಶಾಪಿಂಗ್ ಸೈಟಿಗೂ ಕೊಟ್ಟಿದ್ದೆ. ಆ ಸೈಟಿನ ಮಾಹಿತಿ ಯಾವಾಗಲೋ ಸೋರಿಹೋಗಿತ್ತು. ಪಾಸ್‌ವರ್ಡ್ ಜೊತೆಗೆ ಕೋಡ್ ಕೂಡ ಕೇಳುವ ಎರಡು ಹಂತದ ಪರಿಶೀಲನೆ ಹಾಕಿರಲಿಲ್ಲ. ಕಳ್ಳತನಕ್ಕೆ ಮೂರು ದಿನ ಮೊದಲು ನನ್ನದಲ್ಲದ ಸಾಧನದಿಂದ ಲಾಗಿನ್ ಆಗಿದ್ದು ಖಾತೆಯಲ್ಲಿ ದಾಖಲಾಗಿದೆ.

ಸಾವಿರಾರು ಫೋಟೋಗಳ ನಡುವೆ ಯಾರು ಹುಡುಕುತ್ತಾರೆ ಅಂತ ನಾನೂ ನಂಬಿದ್ದೆ. ಕಣ್ಣಲ್ಲಿ ಹುಡುಕುವ ಅಗತ್ಯವೇ ಇಲ್ಲ. ಚಿತ್ರದೊಳಗಿನ ಅಕ್ಷರ ಓದುವ ತಂತ್ರಾಂಶ ಇದೆ. ಹೆಚ್ಚಿನ ವಾಲೆಟ್‌ಗಳ ಪದಗಳು ಬರೋದು 2048 ಪದಗಳ ಒಂದೇ ಪಟ್ಟಿಯಿಂದ, ಆ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಮೊದಲ ನಾಲ್ಕು ಅಕ್ಷರ ಕಂಡರೆ ಪದ ಯಾವುದು ಅಂತ ಗೊತ್ತಾಗುತ್ತದೆ. ಕೆಲವರು ಪದಗಳ ಕ್ರಮ ಬದಲಿಸಿ ಇಡುತ್ತಾರೆ. ಹನ್ನೆರಡು ಪದಗಳನ್ನು ಸುಮಾರು 48 ಕೋಟಿ ರೀತಿಯಲ್ಲಿ ಜೋಡಿಸಬಹುದು. ನಮಗೆ ಅದು ದೊಡ್ಡ ಸಂಖ್ಯೆ, ಕಂಪ್ಯೂಟರಿಗೆ ಅಲ್ಲ.

ಆವತ್ತು ನಾನು ಮೊದಲು ಮಾಡಿದ್ದು ವಾಲೆಟ್ ಆ್ಯಪ್‌ನ ಪಾಸ್‌ವರ್ಡ್ ಬದಲಿಸಿದ್ದು. ಅದರಿಂದ ಏನೂ ಉಪಯೋಗವಿಲ್ಲ. ಆ ಪಾಸ್‌ವರ್ಡ್ ನನ್ನ ಫೋನಿನಲ್ಲಿರುವ ಆ್ಯಪ್‌ಗೆ ಮಾತ್ರ ಬೀಗ. ಹಣ ಕಳಿಸಲು ಬೇಕಾದ ಗುಪ್ತ ಸಂಖ್ಯೆಗಳು, ಅಂದರೆ ಖಾಸಗಿ ಕೀಗಳು, ಹುಟ್ಟೋದು ಆ 12 ಪದಗಳಿಂದ. ಅವು ಯಾರ ಕೈಯಲ್ಲಿವೆಯೋ ಅವರು ಬೇರೆ ಯಾವುದೇ ಫೋನಿನಲ್ಲಿ ಹಾಕಿ ನನ್ನ ಹಣ ತೆಗೆಯಬಹುದು. ಪದಗಳನ್ನು ಬದಲಿಸಲು ಬರುವುದಿಲ್ಲ. ಹೊಸ ವಾಲೆಟ್ ಮಾಡಿ ಹಣವನ್ನು ಅಲ್ಲಿಗೆ ಸಾಗಿಸುವುದೊಂದೇ ದಾರಿ.

ಇದು ಗೊತ್ತಿಲ್ಲದೆ ಇನ್ನೊಂದು ಪೆಟ್ಟು ತಿಂದೆ. ಬಿಟ್‌ಕಾಯಿನ್, ಈಥರ್ ಹೋದರೂ ಹಳೆ ವಿಳಾಸದಲ್ಲಿ ಒಂದು ಟೋಕನ್ (ಇನ್ನೊಂದು ಬಗೆಯ ಕ್ರಿಪ್ಟೋ) ಉಳಿದಿತ್ತು. ಅದನ್ನು ಹೊರಗೆ ಕಳಿಸಲು ಗ್ಯಾಸ್ ಶುಲ್ಕ (ಪ್ರತಿ ವಹಿವಾಟಿಗೂ ಈಥರ್‌ನಲ್ಲಿ ಕೊಡುವ ಶುಲ್ಕ) ಬೇಕು ಅಂತ ಸ್ವಲ್ಪ ಈಥರ್ ಹಾಕಿದೆ. ನಾನು ಮುಂದಿನ ಬಟನ್ ಒತ್ತುವಷ್ಟರಲ್ಲಿ ಅದೂ ಇಲ್ಲ. ಕಳ್ಳರು ಅಂಥ ವಿಳಾಸಗಳ ಮೇಲೆ ಬಾಟ್ (ತಾನಾಗಿಯೇ ಕೆಲಸ ಮಾಡುವ ತಂತ್ರಾಂಶ) ಕೂರಿಸಿರುತ್ತಾರೆ. ಕದ್ದ ವಾಲೆಟ್‌ಗೆ ಮತ್ತೆ ಒಂದು ಪೈಸೆಯನ್ನೂ ಕಳಿಸಬೇಡಿ.

ಸಹಾಯ ಕೇಳಿ ಬರೆದ ಮೇಲೆ ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಬಂದರು. ಒಬ್ಬ ಹಣ ವಾಪಸ್ ತರಿಸಲು ಮುಂಗಡ ಕೇಳಿದ. ಇನ್ನೊಬ್ಬ ‘ವಾಲೆಟ್ ಸರಿಪಡಿಸುವ’ ಲಿಂಕ್ ಕಳಿಸಿ, ಅದರಲ್ಲಿ 12 ಪದ ಹಾಕಿ ಅಂದ. ನಿಜವಾದ ಸಹಾಯಕರು ಯಾರೂ ಆ ಪದಗಳನ್ನು ಕೇಳುವುದಿಲ್ಲ. ನಾನು ವಹಿವಾಟಿನ ಐಡಿಗಳನ್ನು ಸೇರಿಸಿ ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಹಣ ಎಲ್ಲಿಗೆ ಹೋಯಿತು ಅಂತ ಕಾಣುತ್ತದೆ, ಆದರೆ ಇನ್ನೂ ಬಂದಿಲ್ಲ.

ಈಗ ಹಾರ್ಡ್‌ವೇರ್ ವಾಲೆಟ್ ಇಟ್ಟುಕೊಂಡಿದ್ದೇನೆ, ಅಂದರೆ ಕೀಗಳನ್ನು ಫೋನಿನ ಹೊರಗೆ ಇಡುವ ಪುಟ್ಟ ಸಾಧನ. ಪದಗಳನ್ನು ಕೈಯಲ್ಲೇ ಎರಡು ಕಾಗದದಲ್ಲಿ ಬರೆದು ಎರಡು ಬೇರೆ ಜಾಗದಲ್ಲಿ ಇಟ್ಟಿದ್ದೇನೆ. ನೀರು, ಬೆಂಕಿಯ ಭಯ ಇದ್ದರೆ ಲೋಹದ ತಗಡಿನಲ್ಲಿ ಕೊರೆಸುವುದು ಒಳ್ಳೆಯದು. ದೊಡ್ಡ ಮೊತ್ತ ಹಾಕುವ ಮೊದಲು ಸಾಧನವನ್ನು ಪೂರ್ತಿ ಅಳಿಸಿ, ಕಾಗದ ನೋಡಿಕೊಂಡು ಮತ್ತೆ ತೆರೆದೆ. ಈ ಪರೀಕ್ಷೆ ಬಿಡಲೇಬೇಡಿ. ಕಳ್ಳರಿಲ್ಲದೆಯೂ ಹಣ ಹೋಗುತ್ತದೆ. ಬ್ರಿಟನ್ನಿನ ಜೇಮ್ಸ್ ಹೋವೆಲ್ಸ್ ಅವರ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀ ಇದ್ದ ಹಾರ್ಡ್ ಡ್ರೈವ್ 2013ರಲ್ಲಿ ಕಸದ ಪಾಲಾಯಿತು.

ಉಳಿದ ಖಾತೆಗಳಿಗೆ ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಕೂಡಿಡುವ ಆ್ಯಪ್) ಬಳಸುತ್ತೇನೆ, ಒಂದೊಂದಕ್ಕೂ ಬೇರೆ ಪಾಸ್‌ವರ್ಡ್. ಲಾಗಿನ್ ಕೋಡ್ ಎಸ್‌ಎಂಎಸ್‌ನಲ್ಲಿ ಬರುವ ಬದಲು ಆ್ಯಪ್‌ನಲ್ಲಿ ಬರುವಂತೆ ಮಾಡಿದ್ದೇನೆ, ಸಿಮ್ ನಕಲು ಮಾಡಿಸಿ ಎಸ್‌ಎಂಎಸ್ ಕದಿಯುವವರು ಇದ್ದಾರೆ. ಆದರೆ 12 ಪದ ಮ್ಯಾನೇಜರ್‌ನಲ್ಲೂ ಬೇಡ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಗ್ರಾಹಕರ ವಾಲ್ಟ್‌ಗಳ, ಅಂದರೆ ಪಾಸ್‌ವರ್ಡ್ ಕೂಡಿಟ್ಟ ಪೆಟ್ಟಿಗೆಗಳ, ಬ್ಯಾಕಪ್ ಪ್ರತಿಗಳೇ ಕಳುವಾದವು.

ನಿಮ್ಮಲ್ಲಿ ಸ್ಕ್ರೀನ್‌ಶಾಟ್ ಇದ್ದರೆ ಅಳಿಸುವ ಕೆಲಸ ಕೊನೆಗೆ. ಮೊದಲು ಹೊಸ ವಾಲೆಟ್, ಹೊಸ ಪದಗಳು ಕಾಗದದಲ್ಲಿ, ಆಮೇಲೆ ಹಣ ಅಲ್ಲಿಗೆ. ಮೊನ್ನೆ ನನ್ನ ತಮ್ಮನ ಫೋನಿನ ಗ್ಯಾಲರಿ ತೆರೆಸಿದೆ. ಅವನದರಲ್ಲೂ ಅದೇ ಚಿತ್ರ ಇತ್ತು. ಇಬ್ಬರೂ ಕೂತು ಎಲ್ಲವನ್ನೂ ಸಾಗಿಸಿ ಮುಗಿಸುವ ಹೊತ್ತಿಗೆ ರಾತ್ರಿ ಒಂದು ಗಂಟೆಯಾಗಿತ್ತು.