ಸ್ಟಾಕ್‌ಹೋಮ್‌ಗೆ ಬೇಸಿಗೆ ಕೆಲಸಕ್ಕೆ ಹೊರಟವರೇ, ಬಾಗಿಲ ಮೇಲೆ ಹೆಸರು ಹಾಕಬೇಡ ಅನ್ನುವ ಮನೆ ಬೇಡ

ಬೇಸಿಗೆಯಲ್ಲಿ ಕೆಲಸ ಮಾಡಲು ಸ್ಟಾಕ್‌ಹೋಮ್‌ಗೆ ಹೊರಟವರು ಮನೆಗೆ ಡೆಪಾಸಿಟ್ ಕಳಿಸುವ ಮುಂಚೆ ಇದನ್ನು ಓದಿ. ಮನೆ ಕೊಡುವವನು "ಬಾಗಿಲ ಮೇಲೆ ನಿಮ್ಮ ಹೆಸರು ಬೇಡ, ಯಾರಾದರೂ ಕೇಳಿದರೆ ನನ್ನ ಫ್ರೆಂಡ್ ಅಂತ ಹೇಳಿ" ಅಂದರೆ ಆ ಮನೆ ಬಿಟ್ಟುಬಿಡಿ. ಎಷ್ಟೇ ಚೆನ್ನಾಗಿರಲಿ, ಮೆಟ್ರೋ ಎಷ್ಟೇ ಹತ್ತಿರ ಇರಲಿ. ನನಗೆ ಈ ಮಾತು ಬಂದದ್ದು ದುಡ್ಡು ಕೊಟ್ಟಾದ ಮೇಲೆ, ಬೀಗದ ಕೈ ಕೊಡುವಾಗ. ಜುಲೈ ತಿಂಗಳ ನಡುವೆ ನನ್ನ ಸೂಟ್‌ಕೇಸ್ ಮೆಟ್ಟಿಲ ಹತ್ತಿರ ಬಿದ್ದಿತ್ತು.

ಆಗ ನಾನು ಸ್ವೀಡನ್‌ನದೇ ಇನ್ನೊಂದು ಊರು ಲಿನ್ಶೋಪಿಂಗ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸ್ಟಾಕ್‌ಹೋಮ್‌ನ ಶಿಸ್ತಾದಲ್ಲಿ ಕೆಲಸ ಸಿಕ್ಕಿತು. ಐಟಿ ಕಂಪನಿಗಳು ತುಂಬಿರುವ ಜಾಗ, ನಮ್ಮ ಕಡೆಯವರೂ ಜಾಸ್ತಿ. ಕೆಲಸದ ಬಗ್ಗೆ ನನ್ನದು ಒಂದೂ ದೂರಿಲ್ಲ. ತೊಂದರೆ ಆದದ್ದು ಮನೆಯದ್ದು.

ಆ ಊರಲ್ಲಿ ಬಾಡಿಗೆ ಮನೆ ಅಂದರೆ ನಮ್ಮ ಬೆಂಗಳೂರಿನ ಹಾಗೆ ಟು-ಲೆಟ್ ಬೋರ್ಡ್ ನೋಡಿ ಓನರ್ ಹತ್ತಿರ ಮಾತಾಡುವುದಲ್ಲ. ನಗರದ ವಸತಿ ಏಜೆನ್ಸಿಯ ಸರತಿಯಲ್ಲಿ ಲಕ್ಷಗಟ್ಟಲೆ ಜನ ಇದ್ದಾರೆ. ವರ್ಷಗಟ್ಟಲೆ ಕಾದ ಮೇಲೆ ಒಬ್ಬರ ಹೆಸರಿಗೆ ಮನೆ ಬರುತ್ತದೆ. ಅದು ಫಸ್ಟ್ ಹ್ಯಾಂಡ್ ಕರಾರು. ಹಾಗೆ ಮನೆ ಸಿಕ್ಕವರು ಅದನ್ನು ಇನ್ನೊಬ್ಬರಿಗೆ ಕೊಟ್ಟರೆ ಸೆಕೆಂಡ್ ಹ್ಯಾಂಡ್. ಮೂರು ತಿಂಗಳಿಗೆ ಬರುವ ನಮ್ಮಂಥವರಿಗೆ ಸಿಗುವುದು ಹೆಚ್ಚಾಗಿ ಈ ಸೆಕೆಂಡ್ ಹ್ಯಾಂಡ್ ಮನೆಯೇ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಡೀ ಮನೆಯನ್ನು ಹಾಗೆ ಕೊಡಬೇಕಾದರೆ ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು. ಅವರು ಒಪ್ಪದಿದ್ದರೆ ಹ್ಯೂರೆಸ್‌ನೆಮ್ಡನ್ ಅನ್ನುವ ಬಾಡಿಗೆ ನ್ಯಾಯಮಂಡಳಿಯ ಅನುಮತಿ ಬೇಕು. ಮನೆ ಸ್ವಂತದ್ದಾಗಿ ವಸತಿ ಸಂಘಕ್ಕೆ ಸೇರಿದ್ದಾದರೆ ಸಂಘದ ಒಪ್ಪಿಗೆ ಬೇಕು. ನನಗೆ ಮನೆ ಕೊಟ್ಟವನ ಹತ್ತಿರ ಇದ್ಯಾವುದೂ ಇರಲಿಲ್ಲ. "ಎಲ್ಲ ಸರಿ ಇದೆ, ಮಾಲೀಕರಿಗೆ ಗೊತ್ತು" ಅಂತ ಮುಖ ನೋಡಿಕೊಂಡೇ ಹೇಳಿದ್ದ.

ಮನೆ ಇದ್ದದ್ದು ಸ್ಕಾರ್ಪ್‌ನೆಕ್ ಕಡೆ, ಮೆಟ್ರೋದ ಹಸಿರು ಲೈನಿನ ಕೊನೆಯಲ್ಲಿ. ಒಂದು ರೂಮು, ಒಂದು ಅಡುಗೆಮನೆ. ತಿಂಗಳಿಗೆ 11,000 ಕ್ರೋನ ಬಾಡಿಗೆ. ಎರಡು ತಿಂಗಳ ಬಾಡಿಗೆಯಷ್ಟು ಡೆಪಾಸಿಟ್. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇರುವ ನಮ್ಮ ಜನರಿಗೆ ಎರಡು ತಿಂಗಳು ಅಂದರೆ ಕಡಿಮೆ ಅನಿಸುತ್ತದೆ. ಈ ಲೆಕ್ಕ ಅಲ್ಲಿ ಹಾಕಬೇಡಿ. ಡೆಪಾಸಿಟ್ ದುಡ್ಡನ್ನು ಅವನು ಸ್ವಿಷ್‌ನಲ್ಲಿ ಕಳಿಸಲು ಹೇಳಿದ. ಸ್ವಿಷ್ ಅಂದರೆ ನಮ್ಮ ಯುಪಿಐ ಥರ, ಫೋನ್ ನಂಬರಿಗೆ ಕ್ಷಣದಲ್ಲಿ ಹೋಗುತ್ತದೆ, ಹೋದ ಮೇಲೆ ವಾಪಸ್ ತರಿಸಲು ಆಗುವುದಿಲ್ಲ. ಆ್ಯಪ್‌ನಲ್ಲಿ ತೋರಿಸಿದ ಹೆಸರು ಅವನದ್ದಲ್ಲ. ಕೇಳಿದ್ದಕ್ಕೆ "ನನ್ನ ಗರ್ಲ್‌ಫ್ರೆಂಡ್ ನಂಬರು" ಅಂದ. ಬಾಡಿಗೆ ಮಾತ್ರ ಅವನ ಬ್ಯಾಂಕ್ ಖಾತೆಗೇ ಹೋಗುತ್ತಿತ್ತು. ಕೊನೆಗೆ ಕೈ ಹಿಡಿದದ್ದು ಅದೊಂದೇ.

ಬಾಗಿಲ ಮೇಲಿನ ಹೆಸರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬಾಗಿಲಲ್ಲೇ ಕಾಗದ ಹಾಕುವ ಕಿಂಡಿ ಇರುತ್ತದೆ. ಅದರ ಮೇಲೆ ಮನೆಯವರ ಹೆಸರು. ಹೆಸರಿಲ್ಲದಿದ್ದರೆ ನಿಮಗೆ ಬರುವ ಕಾಗದ ವಾಪಸ್ ಹೋಗಬಹುದು. ಅನುಮತಿ ಪಡೆದು ಮನೆ ಕೊಡುವವರು ತಾವೇ ಒಂದು ಚೀಟಿ ಬರೆದು ನಿಮ್ಮ ಹೆಸರು ಅಂಟಿಸುತ್ತಾರೆ. ಬೇಡ ಅನ್ನುವವನಿಗೆ ನೀವು ಅಲ್ಲಿರುವುದು ಯಾರಿಗೂ ಗೊತ್ತಾಗಬಾರದು, ಅಷ್ಟೇ.

ಆದರೆ ಗೊತ್ತಾಗದೆ ಇರುವುದಿಲ್ಲ. ಕಟ್ಟಡದ ಕೆಳಗೆ ಎಲ್ಲರಿಗೂ ಸೇರಿ ಒಂದು ಬಟ್ಟೆ ಒಗೆಯುವ ಕೋಣೆ ಇರುತ್ತದೆ. ಹೊತ್ತು ಬುಕ್ ಮಾಡಿಕೊಂಡು ಹೋಗಬೇಕು. ಹೊಸ ಮುಖ ಕಂಡರೆ ಅಲ್ಲಿ ಗೊತ್ತಾಗಿಬಿಡುತ್ತದೆ. ವಯಸ್ಸಾದ ಒಬ್ಬ ಹೆಂಗಸು ಯಾವ ಮನೆ ಅಂತ ಮೆತ್ತಗೆ ಕೇಳಿದರು, ನಾನು ಹೇಳಿದೆ. ಅವರೇ ತಿಳಿಸಿದರೋ ಬೇರೆಯವರೋ, ಕೆಲವು ದಿನದ ಮೇಲೆ ಮಾಲೀಕರ ಕಡೆಯಿಂದ ಒಬ್ಬರು ಬಂದು ಬೆಲ್ ಮಾಡಿದರು. ಜೋರು ಮಾಡಲಿಲ್ಲ. ನನ್ನ ಕರಾರು ನೋಡಿದರು. ಈ ಮನೆಯ ನಿಜವಾದ ಬಾಡಿಗೆ 5,500ರ ಆಸುಪಾಸು ಅಂತ ಹೇಳಿದರು. ಸೆಕೆಂಡ್ ಹ್ಯಾಂಡ್‌ನಲ್ಲಿ ಪೀಠೋಪಕರಣ ಇದ್ದರೆ ಮೂಲ ಬಾಡಿಗೆಯ ಮೇಲೆ ಶೇ. 15ರವರೆಗೆ ಸೇರಿಸಬಹುದು. ಅವನು ಸೇರಿಸಿದ್ದು ಇನ್ನೊಂದು ಬಾಡಿಗೆಯಷ್ಟು.

ಅದೇ ರಾತ್ರಿ ಅವನ ಫೋನ್ ಬಂತು. ಭಾನುವಾರದೊಳಗೆ ಖಾಲಿ ಮಾಡು, ಇಲ್ಲದಿದ್ದರೆ ನಿನ್ನ ವೀಸಾಗೆ ತೊಂದರೆ ಮಾಡುತ್ತೇನೆ ಅಂದ. ಭಾನುವಾರದವರೆಗೂ ಕಾಯಲಿಲ್ಲ. ಮಾರನೇ ದಿನ ಕೆಲಸದಿಂದ ಬಂದಾಗ ಬೀಗ ಬದಲಾಗಿತ್ತು.

ಆ ಹೊತ್ತಲ್ಲಿ ನನಗೆ ಗೊತ್ತಿಲ್ಲದ ಎರಡು ವಿಷಯ ನಿಮಗೆ ಗೊತ್ತಿರಲಿ. ಸ್ವೀಡನ್‌ನಲ್ಲಿ ಮನೆ ಕೊಟ್ಟವನು ತಾನೇ ಬೀಗ ಬದಲಾಯಿಸಿ ನಿಮ್ಮನ್ನು ಹೊರಗೆ ಹಾಕುವ ಹಾಗಿಲ್ಲ. ಒಬ್ಬರನ್ನು ಮನೆ ಬಿಡಿಸುವ ಅಧಿಕಾರ ಇರುವುದು ಕ್ರೂನೊಫೋಗ್ಡೆನ್ ಅನ್ನುವ ಸರ್ಕಾರಿ ಸಂಸ್ಥೆಗೆ. ಇನ್ನೊಂದು, ಅನುಮತಿ ಇಲ್ಲದೆ ಮನೆ ಕೊಟ್ಟು ಜಾಸ್ತಿ ಬಾಡಿಗೆ ಕೀಳುವುದು 2019ರ ಅಕ್ಟೋಬರ್‌ನಿಂದ ಅಪರಾಧ. ಅಪರಾಧ ಅವನದ್ದು, ಬಾಡಿಗೆ ಕೊಟ್ಟವರದ್ದಲ್ಲ. ನಮ್ಮ ಹುಡುಗರು ಹುಡುಗಿಯರು ಎಷ್ಟೋ ಜನ ವೀಸಾ ಅಂದ ಕೂಡಲೇ ಹೆದರಿ ಸುಮ್ಮನಾಗುತ್ತಾರೆ. ಅವನು ನಂಬಿಕೊಂಡಿರುವುದೇ ಈ ಹೆದರಿಕೆಯನ್ನು. ಇದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಜುಲೈ ಬೇರೆ. ಜೂನ್ ಕೊನೆಯಲ್ಲಿ ಮಿಡ್‌ಸಮ್ಮರ್ ಹಬ್ಬ ಮುಗಿದ ಮೇಲೆ ಊರಿನ ಜನ ರಜೆಗೆ ಹೋಗುತ್ತಾರೆ. ಎಲ್ಲಿಗೆ ಇ-ಮೇಲ್ ಮಾಡಿದರೂ ಆಗಸ್ಟ್‌ನಲ್ಲಿ ಬರುತ್ತೇನೆ ಅನ್ನುವ ಉತ್ತರ. ಹಾಸ್ಟೆಲ್‌ಗಳ ತುಂಬ ಪ್ರವಾಸಿಗಳು, ರೇಟೂ ಏರಿರುತ್ತದೆ. ಕೈಯಲ್ಲಿ ದುಡ್ಡಿಲ್ಲ. ಅಲ್ಲಿ ಸಂಬಳ ಸಾಮಾನ್ಯವಾಗಿ 25ನೇ ತಾರೀಕು. ಗಂಟೆ ಲೆಕ್ಕದ ಕೆಲಸವಾದರೆ ಜೂನ್‌ನಲ್ಲಿ ದುಡಿದದ್ದು ಜುಲೈ 25ಕ್ಕೆ ಬರುವುದೇ ಹೆಚ್ಚು. ಇದನ್ನು ಹೊರಡುವ ಮುಂಚೆಯೇ ಲೆಕ್ಕ ಹಾಕಿಕೊಳ್ಳಿ. ಮೊದಲ ಸಂಬಳದವರೆಗಿನ ಊಟ, ಮೆಟ್ರೋ ಪಾಸ್, ಬಾಡಿಗೆ ಎಲ್ಲವೂ ನಿಮ್ಮ ಕೈಯಿಂದಲೇ ಆಗಬೇಕು. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದಕ್ಕೆ ಸ್ಟಾಕ್‌ಹೋಮ್ ಪಕ್ಕದ ಸೊಲೆಂಟೂನದ ಒಬ್ಬ ಅಕ್ಕ, ಭಾವ ಆ ರಾತ್ರಿಯೇ ಕರೆದುಕೊಂಡು ಹೋದರು. "ಸಂಬಳ ಬರೋವರೆಗೂ ಇಲ್ಲೇ ಇರಪ್ಪ" ಅಂದರು. ಅವರ ಋಣ ದೊಡ್ಡದು.

ಆಮೇಲೆ ಹ್ಯೂರೆಸ್‌ನೆಮ್ಡನ್‌ಗೆ ಅರ್ಜಿ ಹಾಕಿದೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಚಳಿಗಾಲದಲ್ಲಿ ಇಬ್ಬರನ್ನೂ ಕರೆಸಿ ಮಾತಾಡಿಸಿದರು. ಬಾಡಿಗೆ ಅವನ ಖಾತೆಗೇ ಹೋಗಿದ್ದರಿಂದ ಅವನು ಇಲ್ಲ ಅನ್ನಲು ಆಗಲಿಲ್ಲ, ಜಾಸ್ತಿ ತೆಗೆದುಕೊಂಡದ್ದನ್ನು ವಾಪಸ್ ಕೊಡಲು ಒಪ್ಪಿದ. ಡೆಪಾಸಿಟ್ ಬೇರೆ ಹೆಸರಿಗೆ ಹೋಗಿತ್ತು. ತನಗೆ ಗೊತ್ತೇ ಇಲ್ಲ ಅಂದ. ಅದು ಇವತ್ತಿನವರೆಗೂ ಬಂದಿಲ್ಲ.

ಹಾಗಾಗಿ ದುಡ್ಡು ಕೊಡುವ ಮುಂಚೆ ಮಾಲೀಕರ ಅಥವಾ ಸಂಘದ ಒಪ್ಪಿಗೆ ಪತ್ರ ಕೇಳಿ. ಪತ್ರ ತೋರಿಸಿದರೂ ಸಾಲದು. ಕಟ್ಟಡದ ಪ್ರವೇಶದ ಬಳಿ ಸಾಮಾನ್ಯವಾಗಿ ಮಾಲೀಕರ ಹೆಸರು ಇರುತ್ತದೆ, ಅವರಿಗೇ ಫೋನ್ ಮಾಡಿ ವಿಚಾರಿಸಿ. ಅಲ್ಲಿ ಯಾವ ವಿಳಾಸದಲ್ಲಿ ಯಾರು ನೋಂದಣಿಯಾಗಿದ್ದಾರೆ ಅನ್ನುವುದನ್ನೂ ಇಂಟರ್ನೆಟ್‌ನಲ್ಲಿ ನೋಡಬಹುದು. ಈ ಕೊನೆಯದನ್ನು ಬೆಂಗಳೂರಲ್ಲಿ ಕೂತೇ ಮಾಡಬಹುದು. ಓನರ್ ವಿದೇಶದಲ್ಲಿದ್ದಾರೆ, ದುಡ್ಡು ಹಾಕಿದರೆ ಬೀಗದ ಕೈ ಕೊರಿಯರ್ ಮಾಡುತ್ತಾರೆ ಅನ್ನುವ ಜಾಹೀರಾತಂತೂ ಮೋಸವೇ, ಅದಕ್ಕೆ ಉತ್ತರವನ್ನೂ ಬರೆಯಬೇಡಿ. ದುಡ್ಡನ್ನು ಕರಾರಿನಲ್ಲಿ ಇರುವ ಹೆಸರಿನ ಬ್ಯಾಂಕ್ ಖಾತೆಗೆ ಮಾತ್ರ ಹಾಕಿ.

ಕೆಲಸದಲ್ಲೂ "ಯಾರಿಗೂ ಹೇಳಬೇಡಿ" ಅನ್ನುವವರು ಸಿಗುತ್ತಾರೆ, ಹೋಟೆಲು, ಕ್ಲೀನಿಂಗ್ ಕಡೆ ಜಾಸ್ತಿ. ಸ್ವೀಡನ್‌ನಲ್ಲಿ ಕನಿಷ್ಠ ಕೂಲಿಯ ಕಾನೂನಿಲ್ಲ, ಕೂಲಿ ನಿಲ್ಲುವುದು ಯೂನಿಯನ್ ಒಪ್ಪಂದದ ಮೇಲೆ. ಒಪ್ಪಂದ ಯಾವುದು ಅಂತ ಕೇಳಿ. ಸಂಬಳದ ಚೀಟಿ ಕೊಡದವರ ಹತ್ತಿರ ದುಡಿಯಬೇಡಿ.

ಈಗಾಗಲೇ ಇಂಥ ಮನೆಯಲ್ಲಿದ್ದರೆ ಕರಾರು, ಮೆಸೇಜು, ದುಡ್ಡು ಹಾಕಿದ ರಸೀದಿ ಎಲ್ಲದರ ಫೋಟೋ ಇವತ್ತೇ ತೆಗೆದಿಡಿ. ಬೀಗ ಬದಲಾಯಿಸಿದರೆ ಪೊಲೀಸರಿಗೆ 114 14ಕ್ಕೆ ಫೋನ್ ಮಾಡಿ. ಬಾಡಿಗೆ ವಾಪಸ್ ಕೇಳುವ ಅರ್ಜಿಯನ್ನು ಮನೆ ಬಿಟ್ಟ ಮೂರು ತಿಂಗಳೊಳಗೆ ಹಾಕಬೇಕು. ಊರಿಗೆ ಹೋಗಿ ನೋಡಿಕೊಂಡರಾಯಿತು ಅಂತ ಬಿಡಬೇಡಿ.