200 ರೂಪಾಯಿಗೆ ಅಣುಸ್ಥಾವರ ಕ್ಲಾಸು, ಗೋಳಿಬಜೆ ಫ್ರೀ

ಆದಿತ್ಯವಾರ ಮಂಗಳೂರಿನ ಹಂಪನಕಟ್ಟೆ ಹತ್ರ ಒಂದು ಹಾಲಲ್ಲಿ ರಿಯಾಕ್ಟರ್ ಸೇಫ್ಟಿ ವರ್ಕ್‌ಶಾಪ್ ಇತ್ತು, ಟಿಕೆಟ್ 200, ಚಾ ಗೋಳಿಬಜೆ ಸೇರಿ. ಪೋಸ್ಟರಲ್ಲಿ ದೊಡ್ಡದಾಗಿ ತಜ್ಞರು ಅಂತ ಉಂಟು, ಎಂತದ್ರಲ್ಲಿ ತಜ್ಞರು ಅಂತ ಮಾತ್ರ ಎಲ್ಲೂ ಇಲ್ಲ ಮಾರಾಯ್ರೆ.

ನಮ್ಮ ಕೈಗಾ ಅಣುಸ್ಥಾವರಾನೂ 1986ರಲ್ಲಿ ಸ್ಫೋಟ ಆದ ಚೆರ್ನೋಬಿಲ್ ತರಾನೇ ಅಂದ್ರು ಆ ತಜ್ಞರು, ನಾನು ಕೈ ಎತ್ತಿ ಕೇಳಿದೆ, ಸರ್ ಚೆರ್ನೋಬಿಲಲ್ಲಿ ನ್ಯೂಟ್ರಾನ್ ನಿಧಾನ ಮಾಡ್ಲಿಕ್ಕೆ ಗ್ರಾಫೈಟ್ ಇತ್ತು, ಕೈಗಾದಲ್ಲಿ ಭಾರಜಲ, ಅಂದ್ರೆ ಹೆವಿ ವಾಟರ್ ಅಲ್ವಾ ಅಂತ. ಅವ್ರು ಮೈಕನ್ನು ಬಲಗೈಯಿಂದ ಎಡಗೈಗೆ ಮಾಡಿ, ಒಂದು ಗುಟುಕು ನೀರು ಕುಡಿದು, "ಎರಡೂ ಒಂದೇ" ಅಂದ್ರು! ಮತ್ತೆ ನೋಡಿದ್ರೆ ಓದಿದ್ದು ಬಿಕಾಂ.

ಬಿಕಾಂ ಓದಿದವ್ರು ಮಾತಾಡ್ಬಾರ್ದು ಅಂತಲ್ಲ ಆಯ್ತಾ, ನಾನೂ ಮೆಕ್ಯಾನಿಕಲ್ ಡಿಪ್ಲೊಮಾ ಅಷ್ಟೆ. ಹಿಂದಿನ ಸಾಲಿನ ರಿಟೈರ್ಡ್ ಅಜ್ಜ ಒಬ್ರು ಎದ್ದು, 1994ರ ಮೇಯಲ್ಲಿ ಕೈಗಾ ಒಂದನೇ ಘಟಕದ ಗುಮ್ಮಟ ಕಟ್ಟುವಾಗ್ಲೇ ಕಾಂಕ್ರೀಟ್ ಕಳಚಿ ಬಿದ್ದದ್ದು ನೆನಪುಂಟಾ, ಅದನ್ನು ಹೇಳಿ ಅಂದ್ರು. ನಿಜವಾದ ಪಾಯಿಂಟು ಅದು, ತಜ್ಞರ ಸ್ಲೈಡಲ್ಲಿ ಅದೇ ಇಲ್ಲ.

2 ಸ್ಟಾರ್. ಒಂದು ಅಜ್ಜನಿಗೆ, ಒಂದು ಗೋಳಿಬಜೆಗೆ, ಚಟ್ನಿ ಬೇಗ ಮುಗ್ದೋಯ್ತು.