ದೊಡ್ಡ ಹಡಗೋ, ಹಾಯಿದೋಣಿಯೋ: ನೈಲ್ ಮೇಲೆ ಎರಡು ಸಲ

ಈಜಿಪ್ಟಿನ ಲಕ್ಸರ್‌ನಿಂದ ಅಸ್ವಾನ್‌ಗೆ ನೈಲ್ ನದಿಯ ಮೇಲೆ ಇನ್ನೂರು ಚಿಲ್ಲರೆ ಕಿಲೋಮೀಟರ್. ರೈಲು ಹತ್ತಿದರೆ ಮೂರು ಗಂಟೆಯ ದಾರಿ. ಅದಕ್ಕೆ ನಾಲ್ಕು ದಿನ, ಅಷ್ಟೊಂದು ದುಡ್ಡು ಯಾಕೆ ಎಂದು ಕೇಳಿದವರಿದ್ದಾರೆ. ನಾನು ಎರಡು ಸಲ ಸುರಿದು ಬಂದಿದ್ದೇನೆ. 2019ರ ಡಿಸೆಂಬರ್‌ನಲ್ಲಿ ಅಮ್ಮ, ಹೆಂಡತಿಯ ಜೊತೆ ಲಿಫ್ಟು, ಈಜುಕೊಳ ಎಲ್ಲ ಇದ್ದ ದೊಡ್ಡ ಹಡಗು. 2023ರ ಫೆಬ್ರವರಿಯಲ್ಲಿ ಗೆಳೆಯನೊಬ್ಬನ ಜೊತೆ ದಹಬಿಯಾ. ದಹಬಿಯಾ ಅಂದರೆ ಎರಡು ಹಾಯಿ ಇರುವ ಉದ್ದನೆಯ ದೋಣಿ. ನಮ್ಮದರಲ್ಲಿ ಎಂಟೇ ಕೋಣೆ. ಅರಬ್ಬಿಯಲ್ಲಿ ದಹಬ್ ಎಂದರೆ ಚಿನ್ನ. ತಲೆಗೆ ತಗುಲಿದ ಖರ್ಚೂ ಹೆಸರಿಗೆ ತಕ್ಕ ಹಾಗೇ, ಹಡಗಿನ ಹೆಚ್ಚುಕಮ್ಮಿ ಎರಡರಷ್ಟು.

ಮೊದಲು ಹಡಗಿನ ತಲೆನೋವು ಹೇಳಿಬಿಡುತ್ತೇನೆ. ದಡದಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಮಗ್ಗುಲಿಗೆ ಒಂದು ಕಟ್ಟುತ್ತಾರೆ. ನೆಲ ಮುಟ್ಟಬೇಕಾದರೆ ಬೇರೆ ಮೂರು ಹಡಗಿನ ಲಾಬಿ ದಾಟಬೇಕು. ಬೆಳಿಗ್ಗೆ ನೈಲ್ ನೋಡೋಣವೆಂದು ಪರದೆ ಸರಿಸಿದರೆ, ಕೈಗೆಟುಕುವಷ್ಟು ಹತ್ತಿರದ ಕಿಟಕಿಯಲ್ಲಿ ಯಾರೋ ಅಜ್ಜ ಬನಿಯನ್ ತೊಟ್ಟು ಹಲ್ಲುಜ್ಜುತ್ತಿದ್ದರು. ಇಬ್ಬರೂ ಒಟ್ಟಿಗೇ ಪರದೆ ಎಳೆದೆವು.

ಆದರೆ ಎಸ್ನಾದಲ್ಲಿ ಹಡಗಿನವರಿಗೆ ಸಿಗುವ ಮಜಾ ದಹಬಿಯಾದವರಿಗಿಲ್ಲ. ಅಲ್ಲಿ ನದಿಗೆ ಅಡ್ಡಗಟ್ಟೆಯಿದೆ. ಹಡಗು ಒಂದು ತೊಟ್ಟಿಯೊಳಗೆ ನಿಂತು, ತೊಟ್ಟಿಗೆ ನೀರು ತುಂಬಿ, ಮೇಲಿನ ಮಟ್ಟಕ್ಕೆ ಏರಿದ ಮೇಲೆ ಮುಂದಿನ ಪಯಣ. ಸರದಿಗಾಗಿ ನಾಲ್ಕು ಗಂಟೆ ಕಾದೆವು. ಅಷ್ಟರಲ್ಲಿ ಸಣ್ಣ ದೋಣಿಗಳಲ್ಲಿ ವ್ಯಾಪಾರಿಗಳು ಬಂದು ಹಡಗಿಗೇ ಹಗ್ಗ ಬಿಗಿದರು. ನಿಲುವಂಗಿ, ಮೇಜಿನ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೆಳಗಿನಿಂದ ಗುರಿಯಿಟ್ಟು ಎಸೆದರೆ ಮೇಲಿನ ಡೆಕ್ಕಿಗೇ ಬಂದು ಬೀಳುತ್ತದೆ. ನಮ್ಮನ್ನು ಕಂಡು ‘ಇಂಡಿಯಾ! ಅಮಿತಾಬ್ ಬಚ್ಚನ್!’ ಎಂಬ ಕೂಗು ಬೇರೆ. ಅಮ್ಮ ಕಟಕಟೆಗೆ ಒರಗಿ ‘ಎಷ್ಟಪ್ಪಾ?’ ಎಂದು ಕನ್ನಡದಲ್ಲೇ ಶುರು ಮಾಡಿದರು. ಅವನು ಬೆರಳು ತೋರಿಸಿದ, ಇವರು ಬೆರಳು ಮಡಿಸಿದರು. ಚೀಲ ಮೂರು ಸಲ ಕೆಳಗೆ ಹೋಗಿ ಮೇಲೆ ಬಂತು. ಕೊನೆಗೆ ನೋಟನ್ನು ಅದೇ ಚೀಲದೊಳಗಿಟ್ಟು ಎಸೆದೆವು; ಒಂದು ಕೈಯಲ್ಲಿ ಹಿಡಿದ. ಅವನು ಬಕ್ಷೀಶ್ ಎಂದು ಕೈ ಚಾಚಿದಾಗ ಅಮ್ಮನಿಗೆ ಆಶ್ಚರ್ಯ: ‘ಇಲ್ಲೂ ಬಕ್ಷೀಸೇ ಅಂತಾರಲ್ಲೋ!’

ನಮ್ಮ ದಹಬಿಯಾ ಹೊರಟದ್ದೇ ಎಸ್ನಾದಿಂದ, ಕಟ್ಟೆಯ ಆಚೆಯಿಂದ. ಲಕ್ಸರ್‌ನಿಂದ ಅಲ್ಲಿಗೆ ಕಾರಿನಲ್ಲಿ ಒಂದು ಗಂಟೆ. ಹಾಗಾಗಿ ಲಕ್ಸರ್‌ನ ಕಾರ್ನಾಕ್ ದೇವಸ್ಥಾನ, ಹಳೆಯ ರಾಜರ ಸಮಾಧಿಗಳಿರುವ ರಾಜರ ಕಣಿವೆ ನೋಡುವ ವ್ಯವಸ್ಥೆ ನಾವೇ ಮಾಡಿಕೊಳ್ಳಬೇಕಾಯಿತು. ಅದು ಒಳ್ಳೆಯದೇ ಆಯಿತು. ಹಡಗಿನವರು ಕಣಿವೆ, ಹತ್‌ಶೆಪ್ಸುತ್ ರಾಣಿಯ ಗುಡಿ, ಮೆಮ್ನಾನ್ ಮೂರ್ತಿಗಳನ್ನು ಒಂದೇ ಬೆಳಿಗ್ಗೆ ಮುಗಿಸಿದ್ದರು. ಎರಡನೆಯ ಸಲ ಎರಡು ದಿನ ಉಳಿದು, ಕಾರ್ನಾಕ್‌ನ 134 ಕಂಬಗಳ ನಡುವೆ ದಾರಿ ತಪ್ಪುವಷ್ಟು ಪುರುಸೊತ್ತು ಸಿಕ್ಕಿತು.

ಎರಡರ ವ್ಯತ್ಯಾಸ ನನಗೆ ಸರಿಯಾಗಿ ತಿಳಿದದ್ದು ಎಡ್ಫುವಿನಲ್ಲಿ. ಕ್ರಿ.ಪೂ. 237ರಲ್ಲಿ ಶುರುವಾಗಿ 57ರಲ್ಲಿ ಮುಗಿದ ಹೋರಸ್ ದೇವಸ್ಥಾನ ಅದು. ಹಡಗುಗಳೆಲ್ಲ ಬೆಳಗಿನ ಜಾವಕ್ಕೇ ಬಂದು ನಿಲ್ಲುತ್ತವೆ. ಎಲ್ಲರೂ ಒಟ್ಟಿಗೆ ಜಟಕಾ ಹತ್ತಿ, ಒಟ್ಟಿಗೆ ಟಿಕೆಟ್ ತೋರಿಸಿ, ಒಟ್ಟಿಗೆ ಗರ್ಭಗುಡಿಗೆ ನುಗ್ಗುತ್ತೇವೆ. ಗೈಡು ಎತ್ತಿ ಹಿಡಿದ ಬಾವುಟ ಬಿಟ್ಟರೆ ನನಗೆ ಕಂಡದ್ದು ಕಡಿಮೆ. ದಹಬಿಯಾ ತಡವಾಗಿ ತಲುಪಿತು. ಮಧ್ಯಾಹ್ನ ಮೂರಕ್ಕೆ ಒಳಗೆ ಹೋದರೆ ಪಾರಿವಾಳಗಳ ಸದ್ದು. ಒಳಗೊಳಗೆ ಹೋದಂತೆ ನೆಲ ಏರುತ್ತದೆ, ಚಾವಣಿ ತಗ್ಗುತ್ತದೆ, ಬೆಳಕು ಸಣ್ಣಗಾಗುತ್ತದೆ. ಹಳೆಯ ದೇವಸ್ಥಾನಗಳಿಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಯಲ್ಲಿ ಒಂದೇ ಕಲ್ಲಿನಲ್ಲಿ ಕೊರೆದ ದೇವರ ಗೂಡು. ಅದು ಗುಡಿಗಿಂತಲೂ ಹಳೆಯದು, ಎರಡನೆಯ ನೆಕ್ಟನೆಬೊ ಎಂಬ ರಾಜನ ಕಾಲದ್ದು. ಹಿಂದಿನ ಸಲ ಅದರ ಮುಂದೆಯೇ ಹಾದು ಹೋಗಿದ್ದೆ, ನೋಡಿರಲಿಲ್ಲ.

ಇನ್ನು ಹಡಗು ನಿಲ್ಲದ ಜಾಗಗಳು. ಗೆಬೆಲ್ ಸಿಲ್ಸಿಲಾದಲ್ಲಿ ನದಿ ಕಿರಿದಾಗುತ್ತದೆ, ಎರಡೂ ಕಡೆ ಮರಳುಗಲ್ಲಿನ ಬಂಡೆ. ಕಾರ್ನಾಕ್‌ಗೂ ಎಡ್ಫುವಿಗೂ ಕಲ್ಲು ಹೋದದ್ದು ಇಲ್ಲಿಂದ. ಬಾದಾಮಿ ಕಲ್ಲಿನ ಬಣ್ಣ ಕಣ್ಣಿನಲ್ಲಿರುವವರಿಗೆ ಕೈ ತಾನಾಗಿ ಬಂಡೆಯ ಮೇಲೆ ಹೋಗುತ್ತದೆ. ಉಳಿ ಹೊಡೆದ ಓರೆ ಗೆರೆಗಳು ಸಾಲುಸಾಲಾಗಿ ಬೆರಳಿಗೆ ಸಿಗುತ್ತವೆ.

ಅದಕ್ಕೂ ಮೊದಲು ಎಲ್ ಕಾಬ್. ಗುಡ್ಡದಲ್ಲಿ ಕೊರೆದ ಸಮಾಧಿಗಳು, ನಾವು ಎಂಟು ಹತ್ತು ಜನ, ಒಬ್ಬ ಕಾವಲುಗಾರ. ಪಾಹೆರಿ ಎಂಬ ಅಧಿಕಾರಿಯ ಸಮಾಧಿಯ ಗೋಡೆಯಲ್ಲಿ ಉಳುಮೆ, ಕೊಯ್ಲು, ಒಕ್ಕಣೆ ಎಲ್ಲ ಇದೆ. ಕಣದಲ್ಲಿ ಎತ್ತುಗಳು ತುಳಿಯುತ್ತಿವೆ, ಅವುಗಳ ಮೇಲೆ ಚಿತ್ರಲಿಪಿಯಲ್ಲಿ ಒಂದು ಹಾಡು. ಗೈಡು ಅರ್ಥ ಹೇಳಿದ: ತುಳಿಯಿರಿ ಎತ್ತುಗಳೇ, ನಿಮಗಾಗಿಯೇ ತುಳಿಯಿರಿ, ಹುಲ್ಲು ನಿಮಗೆ, ಕಾಳು ಒಡೆಯರಿಗೆ. ನನ್ನ ಗೆಳೆಯ ಗದಗ ಕಡೆಯವನು. ‘ಇದು ಹಂತಿ ಪದ ಅಲ್ಲೇನೋ!’ ಅಂದ. ಅವನ ಅಜ್ಜ ಕಣದಲ್ಲಿ ಮೇಟಿ ಸುತ್ತ ಎತ್ತು ಹೊಡೆಯುತ್ತ ರಾತ್ರಿಯೆಲ್ಲ ಹಾಡುತ್ತಿದ್ದರಂತೆ. ಗೈಡಿಗೆ ಅದನ್ನು ವಿವರಿಸಲು ಹೋಗಿ, ಇಂಗ್ಲಿಷ್ ಸಾಲದೆ, ಅಲ್ಲೇ ಒಂದು ಸುತ್ತು ತಿರುಗಿ ಎರಡು ಸಾಲು ಹಾಡಿ ತೋರಿಸಿದ. ಕಾವಲುಗಾರ ಚಪ್ಪಾಳೆ ತಟ್ಟಿದ, ಆಮೇಲೆ ಬಕ್ಷೀಶ್ ಕೇಳಿದ.

ದಹಬಿಯಾದ ಹುಳುಕೂ ಹೇಳಬೇಕು. ನೈಲ್ ಹರಿಯುವುದು ಉತ್ತರಕ್ಕೆ, ಗಾಳಿ ಬೀಸುವುದು ಹೆಚ್ಚಾಗಿ ಉತ್ತರದಿಂದ. ಹಾಗಾಗಿ ಪ್ರವಾಹಕ್ಕೆ ಎದುರಾಗಿ ಹಾಯಿ ಬಿಚ್ಚಿ ಹೋಗಬಹುದು. ಆದರೆ ಗಾಳಿ ಬರಬೇಕಲ್ಲ! ನಾಲ್ಕು ದಿನದಲ್ಲಿ ಹಾಯಿ ಬಿಚ್ಚಿದ್ದು ಒಟ್ಟು ಎರಡು ಅರ್ಧ ದಿನ. ಉಳಿದಂತೆ ಟಗ್ ದೋಣಿ ಹಗ್ಗ ಕಟ್ಟಿ ಎಳೆಯಿತು, ಡೀಸೆಲ್ ವಾಸನೆ ನಮ್ಮ ಕಡೆಗೆ. ಬುಕ್ ಮಾಡಿಕೊಟ್ಟ ಏಜೆಂಟು ಕಳಿಸಿದ ಫೋಟೊಗಳಲ್ಲಿ ಟಗ್ ಇರಲಿಲ್ಲ. ರಾತ್ರಿ ದೋಣಿ ಚಲಿಸುವುದಿಲ್ಲ. ಯಾವುದಾದರೂ ದಂಡೆಗೆ ಕಟ್ಟುತ್ತಾರೆ, ಕಪ್ಪೆಗಳ ವಟವಟ ಕೇಳುತ್ತ ಮಲಗಬೇಕು. ಇದು ನನಗೆ ಇಷ್ಟವಾಯಿತು, ಗೆಳೆಯನಿಗೆ ಸೊಳ್ಳೆ ಕಚ್ಚಿತು.

ಊಟದಲ್ಲಿ ಸಸ್ಯಾಹಾರಿಗಳಿಗೆ ಎರಡರಲ್ಲೂ ಉಪವಾಸವಿಲ್ಲ. ಹಡಗಿನ ಬಫೆಯಲ್ಲಿ ನಲವತ್ತು ಬಗೆ, ನೆನಪಿನಲ್ಲಿ ಉಳಿದದ್ದು ಒಂದೂ ಇಲ್ಲ. ದಹಬಿಯಾದಲ್ಲಿ ಬೇಳೆ ಸೂಪು, ಫೂಲ್ ಎಂಬ ಬೇಯಿಸಿದ ಕಾಳು, ಬದನೆಕಾಯಿ, ಬಿಸಿ ರೊಟ್ಟಿ. ನಮ್ಮ ಶೇಂಗಾ ಚಟ್ನಿಪುಡಿಯನ್ನು ಅಡುಗೆಯವನು ಮೂಸಿ, ಎಣ್ಣೆ ಹಾಕಿಸಿಕೊಂಡು, ರೊಟ್ಟಿಗೆ ಹಚ್ಚಿ ತಿಂದ. ಮರುದಿನ ಡಬ್ಬಿ ಅರ್ಧ ಆಗಿತ್ತು. ಬದಲಿಗೆ ಕರ್ಕಡೆ ಕೊಟ್ಟ, ನಮ್ಮ ಪುಂಡಿಯ ಬಳಗದ ಗಿಡದ ಕೆಂಪು ಹುಳಿ ಪಾನಕ.

ಕೊಮ್ ಒಂಬೋದಲ್ಲಿ ಮಾತ್ರ ನನ್ನ ಮತ ಹಡಗಿಗೆ. ಮೊಸಳೆ ಮುಖದ ಸೋಬೆಕ್ ಮತ್ತು ಹಿರಿಯ ಹೋರಸ್ ಇಬ್ಬರಿಗೂ ಕಟ್ಟಿದ ಜೋಡಿ ಗುಡಿ ನದಿಯ ದಂಡೆಯಲ್ಲೇ ಇದೆ. ಮುಸ್ಸಂಜೆ ಹಡಗು ಅದರ ಕಾಲಬುಡದಲ್ಲೇ ನಿಂತಿತ್ತು, ದೀಪ ಹತ್ತಿತ್ತು, ಮೊಣಕಾಲು ನೋವಿನ ಅಮ್ಮ ನಡೆದೇ ಹೋಗಿ ಮೊಸಳೆ ಮಮ್ಮಿಗಳನ್ನು ನೋಡಿ ಬಂದರು. ಅಸ್ವಾನ್‌ನ ಫಿಲೆ ಗುಡಿಗೆ ಎರಡು ಸಲವೂ ಮೋಟಾರ್ ದೋಣಿಯೇ, ಅಲ್ಲಿ ಹೋಲಿಸುವುದೇನಿಲ್ಲ. ಅಬು ಸಿಂಬೆಲ್ ಗುಡಿಗಳಿಗಂತೂ ಯಾವುದರಲ್ಲಿ ಹೋದರೂ ಅಸ್ವಾನ್‌ನಿಂದ ನಸುಕಿನಲ್ಲೇ ಎದ್ದು, ಸುಮಾರು 280 ಕಿಲೋಮೀಟರ್ ರಸ್ತೆ ಸವೆಸಬೇಕು.

ವಾಪಸು ಬಂದು ದಹಬಿಯಾದ ಫೋಟೊಗಳನ್ನು ಅಮ್ಮನಿಗೆ ತೋರಿಸಿದೆ. ಹಾಯಿ ನೋಡಿ ಚೆನ್ನಾಗಿದೆ ಅಂದರು. ಆಮೇಲೆ ದೋಣಿಯಿಂದ ಕೆಸರಿನ ದಂಡೆಗೆ ಹಾಕಿದ್ದ ಒಂದಡಿ ಅಗಲದ ಹಲಗೆಯ ಫೋಟೊ ಬಂತು. ಅದನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ‘ಇದರ ಮೇಲೆ ನಡೀಬೇಕಾ? ನೀವೇ ಹೋಗಿ ಬನ್ರಪ್ಪ’ ಎಂದು ಫೋನನ್ನು ಎಸ್ನಾದ ಮೇಜಿನ ಬಟ್ಟೆಯ ಮೇಲಿಟ್ಟು, ಅವರೆಕಾಳು ಬಿಡಿಸಲು ಕೂತರು.